ಹಬ್ಬ ಬಂದದ್ದು ರೈಲ್ವೆಗೆ ಹೇಗೆ ಗೊತ್ತಾಗಬೇಕು, ಪಾಪ

ಪೇಪರಿನ ಒಳಪುಟದ ಮೂಲೆಯಲ್ಲಿ ಪ್ರತಿ ವರ್ಷ ಒಂದು ಪುಟ್ಟ ಸುದ್ದಿ ಬರುತ್ತದೆ. ನೀವೂ ಓದಿರುತ್ತೀರಿ. ದೀಪಾವಳಿ ಇನ್ನೇನು ಬಂತು ಅನ್ನುವಾಗ, ಪ್ರಯಾಣಿಕರ ಹೆಚ್ಚುವರಿ ದಟ್ಟಣೆ ನಿವಾರಿಸುವ ಸಲುವಾಗಿ ಬೆಂಗಳೂರಿನಿಂದ ಬೆಳಗಾವಿಗೋ ವಿಜಯಪುರಕ್ಕೋ ಕಲಬುರಗಿಗೋ ಒಂದು ವಿಶೇಷ ರೈಲು ಬಿಡಲಾಗುವುದು ಅಂತ. ಹೋಗಲಿಕ್ಕೊಂದು ಟ್ರಿಪ್, ಬರಲಿಕ್ಕೊಂದು ಟ್ರಿಪ್. ಅದರ ಕೆಳಗೆ, ಪ್ರಯಾಣಿಕರು ಇದರ ಸದುಪಯೋಗ ಪಡೆಯಬೇಕು ಎಂದು ಕೋರಿಕೆ.

ಅದನ್ನು ಓದಿದಾಗಲೆಲ್ಲ ನನಗೆ ರೈಲ್ವೆಯವರ ಮೇಲೆ ಕನಿಕರ ಉಕ್ಕಿ ಬರುತ್ತದೆ. ಪಾಪ, ಹಬ್ಬ ಬಂದದ್ದು ಅವರಿಗೆ ಹೇಗೆ ಗೊತ್ತಾಗಬೇಕು? ಯುಗಾದಿ ದಿನ ಪಂಚಾಂಗ ಶ್ರವಣಕ್ಕೆ ಅವರನ್ನು ಯಾರೂ ಕರೆಯುವುದಿಲ್ಲ. ರಾಜ್ಯ ಸರ್ಕಾರ ಮುಂದಿನ ವರ್ಷದ ರಜಾ ಪಟ್ಟಿಯನ್ನು ಹಿಂದಿನ ವರ್ಷವೇ ಹೊರಡಿಸುತ್ತದೆ, ನಿಜ. ಆದರೆ ರಾಜ್ಯದ ಪಟ್ಟಿಯನ್ನು ಕೇಂದ್ರದವರು ಓದಲೇಬೇಕು ಅಂತ ಎಲ್ಲಾದರೂ ಬರೆದಿದೆಯಾ? ಗೋಡೆಗೆ ನೇತುಹಾಕುವ ಕ್ಯಾಲೆಂಡರ್‌ನಲ್ಲಿ ಕೆಂಪು ಅಂಕಿ ಇರುತ್ತದೆ. ಇವರಿಗೆ ಕೆಂಪು ಕಂಡರೆ ನಿಲ್ಲಿಸಿಯೇ ಅಭ್ಯಾಸ.

ಈ ವಿಷಯದಲ್ಲಿ ಖಾಸಗಿ ಬಸ್ಸಿನವರು ಎಷ್ಟೋ ವಾಸಿ. ಅಮಾವಾಸ್ಯೆ ಎಂದು, ಪಾಡ್ಯ ಎಂದು, ಹಬ್ಬ ಹೋಗಿ ಶನಿವಾರ ಭಾನುವಾರಕ್ಕೆ ಅಂಟಿಕೊಂಡಿದೆಯೋ ಇಲ್ಲವೋ, ಎಲ್ಲ ಬಾಯಿಪಾಠ. ಸಾವಿರದ ಸೀಟಿಗೆ ಮೂರು ಸಾವಿರ ಅಂತ ಹಾಕಿ, ಊದುಬತ್ತಿ ಹಚ್ಚಿ ಕೂತಿರುತ್ತಾರೆ. ಸಾರಿಗೆ ಮಂತ್ರಿಗಳು ಜಾಸ್ತಿ ದರ ತೆಗೆದುಕೊಂಡರೆ ಲೈಸೆನ್ಸ್ ರದ್ದು ಅಂತ ಎಚ್ಚರಿಕೆ ಕೊಡುತ್ತಾರೆ. ಅದೂ ಹಬ್ಬದ ಒಂದು ಆಚರಣೆಯೇ. ಎಣ್ಣೆ ಸ್ನಾನ ಆದ ಮೇಲೆ ಎಚ್ಚರಿಕೆ, ಎಚ್ಚರಿಕೆ ಆದ ಮೇಲೆ ಹೋಳಿಗೆ.

ವಿಶೇಷ ರೈಲಿನ ನಂಬರ್ ಸೊನ್ನೆಯಿಂದ ಶುರುವಾಗುತ್ತದೆ. ದರ ಮಾತ್ರ ಸೊನ್ನೆಯಿಂದ ಶುರುವಾಗುವುದಿಲ್ಲ, ಎಷ್ಟೋ ವಿಶೇಷ ರೈಲಿಗೆ ಮಾಮೂಲಿ ದರದ 1.3 ಪಟ್ಟು. ಅದನ್ನೂ ಬುಕ್ ಮಾಡೋಣ ಅಂತ ಕೂತರೆ, ಪಾಸ್‌ವರ್ಡ್ ಹೊಡೆದು, ಆ ಸೊಟ್ಟ ಅಕ್ಷರಗಳನ್ನು ಗುರುತು ಹಿಡಿದು ಒಳಗೆ ಹೋಗುವಷ್ಟರಲ್ಲಿ ವೇಟಿಂಗ್ ಲಿಸ್ಟ್.

ಈ ವೇಟಿಂಗ್ ಲಿಸ್ಟ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಯಾವ ಊರಿಗೆ, ಯಾವ ದಿನ, ಎಷ್ಟು ಜನಕ್ಕೆ ಸೀಟು ಸಿಗಲಿಲ್ಲ ಅನ್ನುವ ಲೆಕ್ಕ ಈ ದೇಶದಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ. ರೈಲ್ವೆಯ ಕಂಪ್ಯೂಟರಿನಲ್ಲಿ ಇದೆ. ಹೆಸರು, ವಯಸ್ಸು, ಹತ್ತುವ ಊರು, ಇಳಿಯುವ ಊರು, ಎಲ್ಲ ಸಮೇತ. ಬೇರೆ ಯಾವ ವ್ಯಾಪಾರಿಗಾದರೂ ಇಂಥ ಪಟ್ಟಿ ಸಿಕ್ಕಿದ್ದರೆ ಕಣ್ಣಿಗೊತ್ತಿಕೊಂಡು ಮರುದಿನವೇ ಇನ್ನೊಂದು ಅಂಗಡಿ ತೆರೆಯುತ್ತಿದ್ದ. ನಮ್ಮವರು ಏನು ಮಾಡಿದರು? 2025ರ ಜೂನ್‌ನಲ್ಲಿ, ವೇಟಿಂಗ್ ಲಿಸ್ಟ್ ಬರ್ತ್‌ಗಳ ಶೇ 25ಕ್ಕಿಂತ ಮೇಲೆ ಹೋಗಬಾರದು ಅಂತ ಮಿತಿ ಹಾಕಿದರು. ಎಷ್ಟು ಸುಲಭ ನೋಡಿ. ಪಟ್ಟಿ ಉದ್ದ ಆಯ್ತಾ, ಪಟ್ಟಿ ಕತ್ತರಿಸಿ. ಆಮೇಲೆ ಯಾರೋ ಗೊಣಗಿರಬೇಕು, ಸ್ವಲ್ಪ ಸಡಿಲ ಬಿಟ್ಟರು. ಅದಕ್ಕೂ ಮೊದಲು, 2024ರ ನವೆಂಬರ್ 1ರಿಂದ, ಮುಂಗಡ ಬುಕಿಂಗ್ ಅವಧಿಯನ್ನು 120 ದಿನದಿಂದ 60ಕ್ಕೆ ಇಳಿಸಿದ್ದರು. ಮೊದಲಾದರೆ ಹಬ್ಬ ಬರುತ್ತಿದೆ ಅಂತ ನಾಲ್ಕು ತಿಂಗಳು ಮೊದಲೇ ಕಂಪ್ಯೂಟರ್ ಬಡಕೊಳ್ಳುತ್ತಿತ್ತು. ಈಗ ಎರಡೇ ತಿಂಗಳು ಬಡಕೊಳ್ಳುತ್ತದೆ. ಅರ್ಧ ಕಿರಿಕಿರಿ ಕಡಿಮೆ ಆಯಿತಲ್ಲ!

ಹಾಂ, ವೇಟಿಂಗ್ ಲಿಸ್ಟಿನ ಟಿಕೆಟ್ ಕನ್ಫರ್ಮ್ ಆಗದಿದ್ದರೆ ದುಡ್ಡು ವಾಪಸ್ ಬರುತ್ತದೆ. ತಲೆಗೆ 60 ರೂಪಾಯಿ ಮುರಿದುಕೊಂಡು. ಸೀಟು ಇಲ್ಲ ಅಂತ ಹೇಳಿದ್ದಕ್ಕೆ ಕೂಲಿ.

ಆದರೆ ರೈಲ್ವೆಗೆ ದೂರದೃಷ್ಟಿಯೇ ಇಲ್ಲ ಅನ್ನುವವರ ನಾಲಿಗೆಗೆ ಹುಬ್ಬಳ್ಳಿಯಲ್ಲಿ ಉತ್ತರ ಇದೆ. 1,507 ಮೀಟರ್ ಉದ್ದದ ಪ್ಲಾಟ್‌ಫಾರಂ. ಜಗತ್ತಿನಲ್ಲೇ ಉದ್ದದ್ದು, ಗಿನ್ನಿಸ್‌ನಲ್ಲಿ ಹೆಸರಿದೆ, 2023ರ ಮಾರ್ಚ್‌ನಲ್ಲಿ ಪ್ರಧಾನಿಗಳೇ ಬಂದು ಉದ್ಘಾಟಿಸಿದ್ದಾರೆ. ಅದರ ತಾಂತ್ರಿಕ ಉಪಯೋಗ ನಾನು ಅಲ್ಲಗಳೆಯುವುದಿಲ್ಲ. ಒಂದೇ ಪ್ಲಾಟ್‌ಫಾರಂನಲ್ಲಿ ಒಟ್ಟಿಗೆ ಎರಡು ರೈಲು ನಿಲ್ಲಿಸಬಹುದು. ಒಂದು ಬೋಗಿ ಸುಮಾರು 24 ಮೀಟರ್, 24 ಬೋಗಿಯ ರೈಲು ಅಂದರೂ 600 ಮೀಟರ್ ಒಳಗೇ. ಎರಡು ರೈಲು ನಿಂತು ಮೇಲೆ ಮುನ್ನೂರು ಮೀಟರ್ ಮಿಗುತ್ತದೆ. ಆ ಮುನ್ನೂರು ಮೀಟರಿನಲ್ಲಿ ಕನ್ನಡ ರಾಜ್ಯೋತ್ಸವ ಮಾಡಬಹುದು, ಕಬಡ್ಡಿ ಆಡಿಸಬಹುದು. ಇನ್ನಷ್ಟು ಬೋಗಿ ಸೇರಿಸಬಹುದು ಅಂತಲೂ ಒಬ್ಬರು ಹೇಳಿದರು, ಅವರಿಗೆ ಗಿನ್ನಿಸ್ ಪುಸ್ತಕದ ಬಗ್ಗೆ ಗೌರವ ಸಾಲದು.

ಜನರಲ್ ಬೋಗಿ ಎಲ್ಲಿರುತ್ತದೆ ಅಂತ ನಿಮಗೆ ಗೊತ್ತು. ಇಂಜಿನ್ ಪಕ್ಕದಲ್ಲಿ ಒಂದಿಷ್ಟು, ಕಟ್ಟಕಡೆಗೆ ಒಂದಿಷ್ಟು. ಈ ಒಂದಿಷ್ಟು ಅಂದರೆ ಬಹಳಷ್ಟು ರೈಲಿಗೆ ಎರಡು, ದೊಡ್ಡ ಮನಸ್ಸು ಮಾಡಿದರೆ ನಾಲ್ಕು. ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರಂನಲ್ಲಿ ತಲೆ ಮೇಲೆ ಚೀಲ, ಕಂಕುಳಲ್ಲಿ ಮಗು ಇಟ್ಟುಕೊಂಡು ಆ ತುದಿಗೆ ಓಡಿ, ಅಲ್ಲಿ ಕಾಲಿಡಲು ಜಾಗ ಇಲ್ಲದೆ ಈ ತುದಿಗೆ ಓಡುವವರಿಗೂ ಒಂದು ಗಿನ್ನಿಸ್ ಸರ್ಟಿಫಿಕೇಟ್ ಕೊಡಬೇಕಿತ್ತು. ರೈಲು ಇನ್ನೂ ನಿಂತಿರುವುದಿಲ್ಲ, ಅಷ್ಟರಲ್ಲಿ ಕಿಟಕಿಯಿಂದ ಒಂದು ಕೆಂಪು ಟವೆಲ್ ಒಳಗೆ ಹಾರುತ್ತದೆ. ಆ ಟವೆಲ್ ಬಿದ್ದ ಜಾಗ ಬುಕ್. ಸರ್ವರ್ ಡೌನ್ ಆಗುವುದಿಲ್ಲ, ಓಟಿಪಿ ಬೇಡ, ಆಧಾರ್ ಕೇಳುವುದಿಲ್ಲ.

ಅದೇ ಜನರಲ್ ಬೋಗಿಯ ಗೋಡೆ ಮೇಲೆ ಒಂದು ಅಂಕಿ ಬರೆದಿರುತ್ತದೆ. ಇಷ್ಟು ಜನ ಕೂರಲು ಅಂತ. ಹಳೆಯ ಬೋಗಿಯಾದರೆ 90, ಎಲ್‌ಎಚ್‌ಬಿ ಅನ್ನುವ ಹೊಸ ನಮೂನೆಯ ಬೋಗಿಯಾದರೆ 100ರ ಆಸುಪಾಸು. ಅದನ್ನು ಯಾರೋ ಪೇಂಟರ್ ಖುಷಿಗೆ ಬರೆದದ್ದಲ್ಲ. 1989ರ ರೈಲ್ವೆ ಕಾಯ್ದೆಯ 57ನೇ ಸೆಕ್ಷನ್ ಹೇಳುತ್ತದೆ: ಪ್ರತಿ ಬೋಗಿಯಲ್ಲಿ ಗರಿಷ್ಠ ಎಷ್ಟು ಜನ ಪ್ರಯಾಣಿಸಬಹುದು ಅಂತ ರೈಲ್ವೆ ಆಡಳಿತ ನಿಗದಿ ಮಾಡಬೇಕು, ಆ ಸಂಖ್ಯೆಯನ್ನು ಹಿಂದಿ, ಇಂಗ್ಲಿಷ್ ಮತ್ತು ಆ ಕಡೆಯ ಭಾಷೆಯಲ್ಲಿ ಎದ್ದು ಕಾಣುವ ಹಾಗೆ ಹಾಕಬೇಕು. ಅಂಕಿ ಹಾಕಿದ್ದಾರೆ. ಕಾಯ್ದೆ ಪಾಲನೆ ಆಯಿತು. ಟಿಕೆಟ್ ಎಷ್ಟು ಮಾರಿದರು? ಅದಕ್ಕೆ ಮಿತಿ ಇಲ್ಲ. ಜನರಲ್ ಟಿಕೆಟ್ ಕೌಂಟರಿನಲ್ಲಿ ಕೇಳಿದಷ್ಟು ಸಿಗುತ್ತದೆ, ಈಗ ಮೊಬೈಲ್ ಆ್ಯಪ್‌ನಲ್ಲೂ ಸಿಗುತ್ತದೆ. ಮದುವೆ ಮನೆಯಲ್ಲಿ ಬಡಿಸುವವನು ಕೂಡ ಎಲೆ ಎಷ್ಟು ಹಾಕಿದ್ದೇವೆ ಅಂತ ನೋಡಿ, ಉಳಿದವರು ಮುಂದಿನ ಪಂಕ್ತಿಗೆ ಅನ್ನುತ್ತಾನೆ. ಇಲ್ಲಿ ಊಟದ ಕೂಪನ್ ಕೊಡುವವನಿಗೂ ಎಲೆ ಹಾಕುವವನಿಗೂ ಮಾತುಕತೆಯೇ ಇಲ್ಲ.

ಲೆಕ್ಕ ಗೊತ್ತಿಲ್ಲ ಅಂತಲೂ ಅಲ್ಲ. 2024ರ ನವೆಂಬರ್‌ನಲ್ಲಿ ರೈಲ್ವೆ ಒಂದು ಒಳ್ಳೆ ಸುದ್ದಿ ಕೊಟ್ಟಿತು. ದೇಶದ 370 ರೈಲುಗಳಿಗೆ ಸಾವಿರ ಹೊಸ ಜನರಲ್ ಬೋಗಿ, ದಿನಕ್ಕೆ ಒಂದು ಲಕ್ಷ ಜನರಿಗೆ ಅನುಕೂಲ ಅಂತ. ಭಾಗಿಸಿ ನೋಡಿ. ಬೋಗಿಗೆ ನೂರು ಜನ. ಅಂದರೆ ಘೋಷಣೆ ಮಾಡುವಾಗ ಗೋಡೆಯ ಅಂಕಿಯೇ ಸತ್ಯ. ಟಿಕೆಟ್ ಮಾರುವಾಗ ಮಾತ್ರ ಅದು ಗೋಡೆಯ ಅಲಂಕಾರ.

ಹಾಗಾದರೆ ಮಿಕ್ಕವರು ಎಲ್ಲಿ ಕೂರುತ್ತಾರೆ? ಅದನ್ನು ಪ್ರಯಾಣಿಕರೇ ನೋಡಿಕೊಳ್ಳುತ್ತಾರೆ. ಒಂದು ರಾತ್ರಿ ರೈಲಿನಲ್ಲಿ ನಾನೇ ಕಂಡ ಅಜ್ಜಿಯೊಬ್ಬಳಿದ್ದಳು. ಮೂವರ ಜಾಗದಲ್ಲಿ ಆಗಲೇ ಐವರು ಕೂತಿದ್ದೆವು. ಅಜ್ಜಿ ಬಂದು ನಮ್ಮನ್ನೊಮ್ಮೆ ನೋಡಿದಳು. ‘ಏ ತಮ್ಮಾ, ಒಂಚೂರು ಸರಿಯೋ. ನಾ ಏನ್ ಆನಿ ಅದೀನೇನು?’ ಸರಿದೆವು. ಕೂತಳು. ಕೂತ ಮೇಲೆ ಆಡಳಿತ ಶುರು. ನನ್ನ ಬ್ಯಾಗು ಸೀಟಿನ ಕೆಳಗೆ ಹೋಯಿತು. ಕಾಲೇಜು ಹುಡುಗ ಸಾಮಾನಿಡುವ ಹಲಗೆ ಮೇಲೆ ಹತ್ತಿದ. ಬಾಗಿಲ ಹತ್ತಿರ ನಿಂತಿದ್ದ ಬಸುರಿಯನ್ನು ಕರೆಸಿ ಕಿಟಕಿ ಪಕ್ಕ ಕೂರಿಸಿದಳು, ಕಿಟಕಿ ಪಕ್ಕ ಇದ್ದವನಿಗೆ ‘ನೀ ಗಂಡಸ ಅದಿ, ನಿಂದರ್ತಿ ಏಳು’ ಅಂದಳು. ಯಾದಗಿರಿ ಕಡೆಯ ಕೂಲಿಯವರ ಮಗು ಒಂದು ನನ್ನ ತೊಡೆ ಮೇಲೆ ಬಂತು, ಅದರ ಅಪ್ಪ ಅಮ್ಮ ಪಾತ್ರೆ ಪಗಡೆ ತುಂಬಿದ ಚೀಲದ ಮೇಲೆ ಕೂತರು. ತುಮಕೂರು ದಾಟುವಷ್ಟರಲ್ಲಿ ಆ ಮೂಲೆಯಲ್ಲಿ ಎಲ್ಲರಿಗೂ ಏನೋ ಒಂದು ಆಧಾರ ಸಿಕ್ಕಿತ್ತು. ಆಮೇಲೆ ಅಜ್ಜಿ ಗಂಟು ಬಿಚ್ಚಿ, ಖಡಕ್ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಾಕಿ ಎಲ್ಲರ ಕೈಗೂ ಒಂದೊಂದು ತುಂಡು ಕೊಟ್ಟು ಹಾವೇರಿಯಲ್ಲಿ ಇಳಿದು ಹೋದಳು. ಬೋಗಿ ಸಾಮರ್ಥ್ಯ ಹೆಚ್ಚಿಸುವ ಯೋಜನೆ ಅಂತ ಈ ದೇಶದಲ್ಲಿ ಏನಾದರೂ ನಡೆಯುತ್ತಿದ್ದರೆ ಅದು ಇಂಥ ಅಜ್ಜಿಯರದ್ದು. ಸಂಬಳ ಇಲ್ಲ, ಪಿಂಚಣಿ ಇಲ್ಲ. 2020ರ ಮಾರ್ಚ್‌ನಿಂದ ಹಿರಿಯ ನಾಗರಿಕರ ರಿಯಾಯಿತಿಯೂ ಇಲ್ಲ.

ಮೇಲಿನವರೂ ಒಮ್ಮೆ ಅಜ್ಜಿಯ ದಾರಿ ಹಿಡಿದಿದ್ದರು. ಲಾಲೂ ಪ್ರಸಾದ್ ರೈಲ್ವೆ ಮಂತ್ರಿಯಾಗಿದ್ದಾಗ ಸೈಡ್ ಮಿಡಲ್ ಬರ್ತ್ ಅಂತ ಬಂತಲ್ಲ, ನೆನಪಿದೆಯಾ? ಪಕ್ಕದ ಸಾಲಿನಲ್ಲಿ ಕೆಳಗೊಂದು, ಮೇಲೊಂದು ಇರುವ ಕಡೆ ನಡುವೆ ಇನ್ನೊಂದು. 72 ಬರ್ತಿನ ಸ್ಲೀಪರ್ ಬೋಗಿ ರಾತ್ರೋರಾತ್ರಿ 81 ಆಯಿತು. ಬೋಗಿ ಉದ್ದ ಆಗಲಿಲ್ಲ, ಮನುಷ್ಯ ಮಾತ್ರ ಕುಗ್ಗಬೇಕಿತ್ತು. ನಡುವಿನ ಬರ್ತ್ ಸಿಕ್ಕವನು ಒಳಗೆ ತೂರಿಕೊಂಡರೆ ಮಗ್ಗುಲಾಗಬೇಕಾದರೂ ಮೇಲಿನವನ ಒಪ್ಪಿಗೆ ಬೇಕು. ಜನ ಎಷ್ಟು ಶಾಪ ಹಾಕಿದರೆಂದರೆ, ಮುಂದೆ ಮಮತಾ ಬ್ಯಾನರ್ಜಿ ಬಂದು ಅದನ್ನು ಕಿತ್ತು ಹಾಕಿಸಿದರು. ರೈಲ್ವೆ ಇತಿಹಾಸದಲ್ಲಿ ಬರ್ತ್ ಕಡಿಮೆ ಮಾಡಿದ್ದಕ್ಕೆ ಜನ ಚಪ್ಪಾಳೆ ತಟ್ಟಿದ್ದು ಅದೊಂದೇ ಸಲ ಇರಬೇಕು.

ಮನಸ್ಸು ಮಾಡಿದರೆ ಇವರಿಗೆ ಆಗದ್ದೇನೂ ಇಲ್ಲ ಅನ್ನುವುದಕ್ಕೆ ಶ್ರೀರಂಗಪಟ್ಟಣಕ್ಕೆ ಹೋಗಿ ನೋಡಿ. ಬೆಂಗಳೂರು–ಮೈಸೂರು ಜೋಡಿ ಮಾರ್ಗಕ್ಕೆ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂತು. ಕೆಡವುವ ಹಾಗಿಲ್ಲ, ಸ್ಮಾರಕ. ಹೊರದೇಶದ ತಜ್ಞರನ್ನು ಕರೆಸಿದರು. ಸಾವಿರ ಟನ್ನಿನ ಕಟ್ಟಡವನ್ನು ಬುಡಸಮೇತ ಎತ್ತಿ, 2017ರಲ್ಲಿ 130 ಮೀಟರ್ ಆಚೆ ಇಟ್ಟರು. ಒಂದು ಇಟ್ಟಿಗೆ ಅಲುಗಲಿಲ್ಲ. ನಿಜಕ್ಕೂ ಮೆಚ್ಚಬೇಕಾದ ಕೆಲಸ, ನಾನು ಕುಹಕ ಆಡುತ್ತಿಲ್ಲ. ಇನ್ನೂರು ವರ್ಷ ಹಳೆಯ ಮದ್ದಿನ ಮನೆಗೆ ಜಾಗ ಮಾಡಿಕೊಟ್ಟವರು, ಅದೇ ಹಳಿ ಮೇಲೆ ಬೆಳಿಗ್ಗೆ ಮಂಡ್ಯದಲ್ಲಿ ಹತ್ತುವ ಪಾಸಿನವರಿಗೆ ಒಂದಡಿ ಜಾಗ ಮಾಡಿಕೊಡಲು ಆಗಲಿಲ್ಲ. ಅವರೂ ಸ್ಮಾರಕ ಆಗುವವರೆಗೆ ಕಾಯಬೇಕೋ ಏನೋ.

ಖಾಲಿ ರೈಲು ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. 2021ರ ಜನವರಿಯಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದ ಹತ್ತಿರ ಒಂದು ಹಾಲ್ಟ್ ಸ್ಟೇಷನ್ ಆಯಿತು. ಟ್ಯಾಕ್ಸಿಗೆ ಸಾವಿರ ಸುರಿಯುವ ಕಡೆ ಹತ್ತು ರೂಪಾಯಿಗೆ ರೈಲು ಅಂತ ಎಲ್ಲರೂ ಕುಣಿದರು. ವೇಳಾಪಟ್ಟಿ ನೋಡಿದ ಮೇಲೆ ಕುಣಿತ ನಿಂತಿತು. ವಿಮಾನ ಇರುವಾಗ ರೈಲಿಲ್ಲ, ರೈಲು ಇರುವಾಗ ವಿಮಾನ ಹೊರಟು ಹೋಗಿರುತ್ತದೆ. ರೈಲುಗಳು ಗಾಳಿ ತುಂಬಿಕೊಂಡು ಓಡಾಡಿದವು. ಜನ ಹತ್ತುತ್ತಿಲ್ಲ, ಬೇಡಿಕೆ ಇಲ್ಲ ಅಂತ ಷರಾ ಬಿತ್ತು.

ಅದೇ ಹೊತ್ತಿಗೆ ಮಾರಿಕುಪ್ಪಂ ಕಡೆಯಿಂದ ಬೆಂಗಳೂರಿಗೆ ಬರುವ ರೈಲು ನೋಡಿ. ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. ಅಂದಿನಿಂದ ಕೆಜಿಎಫ್‌ನಲ್ಲಿ ಮನೆ, ಬೆಂಗಳೂರಿನಲ್ಲಿ ಕೆಲಸ. ಗಾರ್ಮೆಂಟ್ಸ್, ಸೆಕ್ಯುರಿಟಿ, ಹೌಸ್‌ಕೀಪಿಂಗ್. ಕತ್ತಲಿರುವಾಗಲೇ ಮನೆ ಬಿಟ್ಟು, ಬಂಗಾರಪೇಟೆ ಬರುವಷ್ಟರಲ್ಲಿ ರೈಲು ತುಂಬಿ, ಮಾಲೂರಿನಲ್ಲಿ ಬಾಗಿಲಿಗೆ ನೇತುಬಿದ್ದು, ವೈಟ್‌ಫೀಲ್ಡ್‌ನಲ್ಲಿ ಉಸಿರು. ಅಪ್ಪ ಗಣಿಯ ಲಿಫ್ಟಿನಲ್ಲಿ ಭೂಮಿಯೊಳಗೆ ಇಳಿಯುತ್ತಿದ್ದ, ಮಗ ಫುಟ್‌ಬೋರ್ಡಿನಲ್ಲಿ ಗಾಳಿಗೆ ನೇತಾಡುತ್ತಾನೆ. ಇದಕ್ಕೆ ಪ್ರಗತಿ ಅನ್ನಿ. ಕೊರೋನಾ ನೆಪದಲ್ಲಿ ಇಂಥ ರೈಲುಗಳ ಕನಿಷ್ಠ ದರವನ್ನು ಹತ್ತರಿಂದ ಮೂವತ್ತು ರೂಪಾಯಿಗೆ ಏರಿಸಿದ್ದರು, ಮತ್ತೆ ಹತ್ತಕ್ಕೆ ಇಳಿದದ್ದು 2024ರ ಫೆಬ್ರುವರಿಯಲ್ಲಿ. ಆ ನಾಲ್ಕು ವರ್ಷದಲ್ಲಿ ಬೋಗಿ ಮೂರು ಪಟ್ಟು ಆಗಿತ್ತಾ ಅಂತ ಕೇಳಬೇಡಿ.

ಇಷ್ಟಕ್ಕೆಲ್ಲ ಒಂದು ಮದ್ದು ಇದೆಯಲ್ಲ, ಉಪನಗರ ರೈಲು! 1983ರಲ್ಲೇ ದಕ್ಷಿಣ ರೈಲ್ವೆಯವರು ಬೆಂಗಳೂರಿಗೆ ಇದು ಬೇಕು ಅಂದಿದ್ದರು. ಆಮೇಲೆ ಫೈಲು ಮಲಗಿತು. 2018ರ ಬಜೆಟ್‌ನಲ್ಲಿ ಎದ್ದು ಕೂತಿತು. 2020ರಲ್ಲಿ ಕೇಂದ್ರ ಸಂಪುಟ 15,767 ಕೋಟಿಗೆ ಒಪ್ಪಿತು. 2022ರ ಜೂನ್ 20ಕ್ಕೆ ಶಂಕುಸ್ಥಾಪನೆ, ನಲವತ್ತು ವರ್ಷದಿಂದ ಆಗದ್ದನ್ನು ನಲವತ್ತು ತಿಂಗಳಲ್ಲಿ ಮಾಡುತ್ತೇವೆ ಅಂತ ಪ್ರಧಾನಿಗಳ ಮಾತು. ಆ ನಲವತ್ತು ತಿಂಗಳು 2025ರ ಅಕ್ಟೋಬರ್‌ಗೆ ಮುಗಿಯಿತು. ಮುಗಿಯುವ ಮೊದಲೇ ಎರಡು ಕಾರಿಡಾರ್‌ಗಳ ಗುತ್ತಿಗೆದಾರ ಕಂಪನಿ ಕೈ ಎತ್ತಿತ್ತು. 148 ಕಿಲೋಮೀಟರಿನಲ್ಲಿ ಒಂದು ಕಡೆಯೂ ರೈಲು ಓಡಲಿಲ್ಲ. ಆದರೆ ಹೆಸರು ಮಾತ್ರ ಎಷ್ಟು ಚಂದ ಇಟ್ಟಿದ್ದಾರೆ ನೋಡಿ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಹೂವು ನಾಲ್ಕು. ನಮಗೆ ಕಿವಿ ಇರುವುದು ಎರಡೇ.

ಮೆಟ್ರೊದವರನ್ನು ಬಿಟ್ಟರೆ ಅವರು ಬೇಜಾರು ಮಾಡಿಕೊಂಡಾರು. 2025ರ ಆಗಸ್ಟ್ 10ಕ್ಕೆ ಹಳದಿ ಮಾರ್ಗ ಉದ್ಘಾಟನೆ ಆಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರ, 19 ಕಿಲೋಮೀಟರ್, ಎಲೆಕ್ಟ್ರಾನಿಕ್ ಸಿಟಿಯ ಜನ ವರ್ಷಗಟ್ಟಲೆ ಕಾದ ಮಾರ್ಗ. ಕಂಬ ಇತ್ತು, ಹಳಿ ಇತ್ತು, ಸ್ಟೇಷನ್ ಇತ್ತು. ರೈಲು ಮೂರೇ ಇದ್ದವು. 25 ನಿಮಿಷಕ್ಕೊಂದು! ರೈಲು ಯೋಜನೆಗೆ ರೈಲೂ ಬೇಕಾಗುತ್ತದೆ ಅನ್ನುವುದು ಕೊನೆ ಗಳಿಗೆಯಲ್ಲಿ ಹೊಳೆದಿರಬೇಕು. ಅದೇ ದಿನ, ಅದೇ ಊರಿನಲ್ಲಿ ಬೆಳಗಾವಿ ವಂದೇ ಭಾರತ್‌ಗೂ ಹಸಿರು ನಿಶಾನೆ ಸಿಕ್ಕಿತು. ಒಳ್ಳೆ ರೈಲು, ಸೀಟು ಮೆತ್ತಗಿದೆ, ಕಾಫಿ ಕೊಡುತ್ತಾರೆ. ಸೀಟಿಗಿಂತ ಒಂದು ಕನ್ಫರ್ಮ್ ಟಿಕೆಟ್ ಜಾಸ್ತಿ ಮಾರುವುದಿಲ್ಲ. ಅಂದರೆ ಎಣಿಸಿ ಮಾರಲು ಬರುತ್ತದೆ ಇವರಿಗೆ. ದುಡ್ಡು ಕೊಟ್ಟವರ ವಿಷಯದಲ್ಲಿ ಚೆನ್ನಾಗಿಯೇ ಬರುತ್ತದೆ.

ಇಲ್ಲಿಗೆ ತಮಾಷೆ ಸಾಕು.

2025ರ ಫೆಬ್ರುವರಿ 15ರ ರಾತ್ರಿ ನವದೆಹಲಿ ಸ್ಟೇಷನ್‌ನಲ್ಲಿ ಕುಂಭಮೇಳದ ರೈಲಿಗೆ ಬಂದ ಜನ ಕಾಲ್ತುಳಿತಕ್ಕೆ ಸಿಕ್ಕಿ 18 ಮಂದಿ ಸತ್ತರು. ಹೆಚ್ಚಿನವರು ಹೆಂಗಸರು, ಮಕ್ಕಳು. ಕೆಲವೇ ದಿನದಲ್ಲಿ ದೆಹಲಿ ಹೈಕೋರ್ಟ್ ಇದೇ 57ನೇ ಸೆಕ್ಷನ್ ಎತ್ತಿಕೊಂಡು, ಬೋಗಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಟಿಕೆಟ್ ಯಾಕೆ ಮಾರುತ್ತೀರಿ ಅಂತ ಕೇಳಿತು. ಜೂನ್ 9ಕ್ಕೆ ಮುಂಬೈಯ ಮುಂಬ್ರಾ ಹತ್ತಿರ, ತಿರುವಿನಲ್ಲಿ ಎರಡು ಲೋಕಲ್‌ಗಳು ಎದುರುಬದುರು ಹೋಗುವಾಗ ಬಾಗಿಲಲ್ಲಿ ನೇತಾಡುತ್ತಿದ್ದವರು ಕೆಳಗೆ ಬಿದ್ದು ಸತ್ತರು. ಬಾಗಿಲಿಗೆ ಆಟೊಮ್ಯಾಟಿಕ್ ಕದ ಹಾಕುತ್ತೇವೆ ಅಂದರು. ಅವರು ನೇತಾಡುತ್ತಿದ್ದದ್ದು ಕದ ಇಲ್ಲ ಅಂತಲ್ಲ ಸ್ವಾಮಿ, ಒಳಗೆ ಜಾಗ ಇಲ್ಲ ಅಂತ. ಮುಂಬೈ ಲೋಕಲ್‌ನಲ್ಲಿ ಒಂದು ಚದರ ಮೀಟರಿಗೆ 14ರಿಂದ 16 ಜನ ನಿಂತಿರುತ್ತಾರೆ ಅಂತ ರೈಲ್ವೆಯ ಕಾಗದದಲ್ಲೇ ಇದೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಹದಿನಾರು ಜನ. ಅಳತೆ ಮಾಡಿದ್ದಾರೆ, ಬರೆದಿಟ್ಟಿದ್ದಾರೆ, ಅದಕ್ಕೊಂದು ಹೆಸರೂ ಕೊಟ್ಟಿದ್ದಾರೆ. ಗೊತ್ತಿಲ್ಲದೆ ಆದದ್ದು ಯಾವುದೂ ಇಲ್ಲ.

ನಮ್ಮಲ್ಲಿ ಇನ್ನೂ ಅಷ್ಟಾಗಿಲ್ಲ ಅನ್ನುತ್ತಾರೆ. ನಿಜ, ಆಗಿಲ್ಲ. ಮಾಲೂರಿನಲ್ಲಿ ಆಗುವ ತನಕ ಕಾಯಬೇಕಾ?

ಹತ್ತಿದವರ ಲೆಕ್ಕ ಟಿಕೆಟ್‌ನಲ್ಲಿ ಸಿಗುತ್ತದೆ. ಬುಕ್ ಮಾಡಿ ಸೀಟು ಸಿಗದವರ ಲೆಕ್ಕ ಕಂಪ್ಯೂಟರಿನಲ್ಲಿದೆ. ಹತ್ತಲಾಗದೆ ಪ್ಲಾಟ್‌ಫಾರಂನಲ್ಲೇ ಉಳಿದು, ಬಸ್ಸಿಗೆ ದುಡ್ಡು ಸುರಿದು, ತಡವಾಗಿ ಹೋಗಿ ಅರ್ಧ ದಿನದ ಕೂಲಿ ಕಳೆದುಕೊಂಡವರ ಲೆಕ್ಕ ಎಲ್ಲೂ ಇಲ್ಲ, ಯಾವ ಫೈಲಿನಲ್ಲೂ ಅವರು ಪ್ರಯಾಣಿಕರೇ ಅಲ್ಲ. ರೈಲು ತುಂಬಿ ಹೋಯಿತು ಅನ್ನುವುದನ್ನು ಸಾಧನೆ ಪಟ್ಟಿಗೆ ಸೇರಿಸುವ ಯಾರಾದರೂ ಅಧಿಕಾರಿ ಒಂದು ಸೋಮವಾರ ಬೆಳಿಗ್ಗೆ ಬಂಗಾರಪೇಟೆಯಲ್ಲಿ ನಿಂತು, ರೈಲು ಹೊರಟ ಮೇಲೆ ಉಳಿದವರನ್ನು ಎಣಿಸಲಿ. ಕನ್ಸಲ್ಟೆಂಟ್ ಬೇಡ, ಡಿಪಿಆರ್ ಅನ್ನುವ ದಪ್ಪ ಯೋಜನಾ ವರದಿ ಬೇಡ. ವರದಿ ಬರೆಯಲು ಬೇಜಾರಾದರೆ 1983ರ ಫೈಲನ್ನೇ ತೆಗೆದು ತಾರೀಖು ತಿದ್ದಿದರೂ ನಡೆಯುತ್ತದೆ.